ಪುಟ್ಟಮಾದಮ್ಮನ ಹಣೆ

ಬಲಗಾಲಿನ ಉಂಗುರ ಏನು ಮಾಡಿದರೂ ಬರಲಿಲ್ಲ. ರಾಚಮ್ಮ ಸೋಪಿನ ನೀರು ಹಚ್ಚಿ ತಿರುಗಿಸಿದಳು, ಎಣ್ಣೆ ಸವರಿ ಎಳೆದಳು, ಕೊನೆಗೆ "ಬುಡವ್ವ, ಇನ್ನೂ ಯಾಕೆ ಇಡ್ಕಂಡಿದ್ದೀಯೆ, ಬುಟ್ಬುಡು" ಎಂದು ಹೆಣಕ್ಕೇ ಗದರಿದಳು. ಬೈಸಿಕೊಂಡ ಮೇಲೆ ಉಂಗುರ ಸರಕ್ಕನೆ ಜಾರಿತು. ಬದುಕಿದ್ದಾಗಲೂ ಪುಟ್ಟಮಾದಮ್ಮ ಹಾಗೇ. ಚಿಕ್ಕವ್ವ ಒಂದು ಸಲ ಗದರಿದರೆ ಸಾಕಿತ್ತು.

ಹೆಮ್ಮಿಗೆ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಹೆಂಗಸು ಪುಟ್ಟಮಾದಮ್ಮ. ನಿನ್ನೆ ಮಕ್ಕಳಿಗೆ ಬಡಿಸಿ, ಸಾರಿನ ಪಾತ್ರೆ ತೊಳೆಯಲು ಕೂತವಳು "ಎದೆ ಯಾಕೋ ಇಡ್ಕಂಡಂಗಾಯ್ತದೆ" ಅಂದಿದ್ದಳು. ಆಟೋ ನರಸೀಪುರದ ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದುಹೋಗಿತ್ತು. ರಾಚಮ್ಮ ಅವಳ ತಾಯಿಯ ತಂಗಿ, ನಂಜನಗೂಡಿನವಳು. ಹೆತ್ತ ತಾಯಿ ಬಾಣಂತನದಲ್ಲೇ ತೀರಿಕೊಂಡಾಗ ಆ ಹಸುಗೂಸನ್ನು ಎತ್ತಿಕೊಂಡು ಬಂದು ಸಾಕಿದವಳು ಇವಳೇ. ಈಗ ತವರಿನ ಸೀರೆ ಹಿಡಿದು, ಟೆಂಪೋ ತುಂಬ ಜನರನ್ನು ತುಂಬಿಸಿಕೊಂಡು ಬಂದಿದ್ದಳು. ತವರಿನವರು ಸೀರೆ ಹೊದಿಸದೆ ಹೆಣ ಎತ್ತುವ ಹಾಗಿಲ್ಲ. ಹೀಗಾಗಿ ಇವತ್ತಿನ ಮಟ್ಟಿಗೆ ಆ ಮನೆಯಲ್ಲಿ ಅವಳ ಮಾತೇ ಮಾತು.

ಓಲೆ, ಮೂಗುಬೊಟ್ಟು, ಕಾಲುಂಗುರ ಎಲ್ಲ ಒಂದು ಸ್ಟೀಲ್ ತಟ್ಟೆಗೆ ಬಿದ್ದವು. ತಟ್ಟೆ ಹಿಡಿದು ನಿಂತವಳು ಮಗಳು ಕವನ. ನಂಜನಗೂಡಿನ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೆಲಸ ಅವಳಿಗೆ. ಅತ್ತೂ ಅತ್ತೂ ಮುಖ ಊದಿಹೋಗಿತ್ತು.

ಮೈತೊಳೆದದ್ದಾಯಿತು. ಬೀದಿಯ ಯಜಮಾನ ಶಿವಮೂರ್ತಿ ಅರಿಶಿನ ಕಲಸಿ, ಪದ್ಧತಿಯ ಪ್ರಕಾರ ಒಂದು ರೂಪಾಯಿಯ ನಾಣ್ಯವನ್ನು ಪುಟ್ಟಮಾದಮ್ಮನ ಹಣೆಗೆ ಒತ್ತಿ ಅಂಟಿಸಿದ. ದಾರಿಯ ಖರ್ಚಿಗೆ ಅದು.

"ಸೀರೆ ತಕ್ಕೊಡಿ ಅಜ್ಜಿ, ಎಲ್ಲಾ ಆಯ್ತಲ್ಲ" ಎಂದಳು ಕವನ.

"ಎಲ್ಲಿ ಆಯ್ತು ಮೊಗ?" ರಾಚಮ್ಮ ಸೀರೆಯ ಕವರನ್ನು ಎದೆಗೆ ಅವಚಿಕೊಂಡಳು. "ತಲೇಲಿರದು?"

ಶಾಮಿಯಾನದ ಕೆಳಗಿದ್ದವರೆಲ್ಲ ಕತ್ತು ಚಾಚಿ ಹೆಣದ ತಲೆಯನ್ನು ನೋಡಿದರು. ಅಯ್ಯೋ, ಅದೊಂದು ಇದೆಯಲ್ಲ! ಎಲ್ಲರಿಗೂ ಗೊತ್ತಿತ್ತು, ಯಾರಿಗೂ ನೆನಪಾಗಿರಲಿಲ್ಲ. ಪುಟ್ಟಮಾದಮ್ಮನ ಎಡಗಡೆ ಹಣೆಯಿಂದ ಕಿವಿಯ ಮೇಲಿನ ತನಕ ಚರ್ಮದ ಕೆಳಗಿದ್ದದ್ದು ಮೂಳೆಯಲ್ಲ, ಮೈಸೂರಿನಲ್ಲಿ ಅವಳ ಅಳತೆಗೇ ಮಾಡಿಸಿ ಕೂರಿಸಿದ ಲೋಹದ ತಗಡು.

"ಮಣ್ಣಿಗೋಗೋ ಮೈಯಾಗೆ ಕಬ್ಬುಣ ಇರಬಾರ್ದು ಕಣ್ರಪ್ಪ" ಎಂದಳು ರಾಚಮ್ಮ. "ಬಾಣಂತಿ ದಿಂಬಿನ ಕೆಳಗೆ ಕಬ್ಬುಣದ ಕುಡ್ಲು ಯಾಕಿಡ್ತೀವಿ? ಸತ್ತೋರು ಹತ್ರ ಬರಬಾರ್ದು ಅಂತ. ಕಬ್ಬುಣ ಕಂಡ್ರೆ ಅವ್ರು ದೂರ ನಿಂತ್ಕೊಬುಡ್ತಾರೆ. ಇವತ್ತು ಇವಳ ಕರಿಯಕ್ಕೆ ನಮ್ಮಕ್ಕ ಬತ್ತಳೆ. ಬಂದೇ ಬತ್ತಳೆ. ಎತ್ಕೊಂಡು ಮೊಲೆ ಕೊಡಕ್ಕೂ ಆಗ್ನಿಲ್ಲ ಆ ತಾಯಿಗೆ. ಈಗ್ಲೂ ಮಗಳ ಮುಟ್ಟದಂಗೆ ಕಬ್ಬುಣ ಅಡ್ಡ ಇಟ್ಟು ಕಳುಸ್ತೀರಾ?"

ಆಗ ಅವಳು ಅತ್ತಳು. ಅಷ್ಟು ಹೊತ್ತು ಗದರುತ್ತಲೇ ಇದ್ದ ಮುದುಕಿ ಹಾಗೆ ಒಂದೇ ಸಲ ಅತ್ತದ್ದಕ್ಕೆ ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು.

"ತೆಗಿಸ್ಬೇಕು ಅಂದ್ರೆ ಮತ್ತೆ ಮೈಸೂರಿಗೇ ತಕ್ಕೋಗ್ಬೇಕು" ಎಂದ ಶಿವಮೂರ್ತಿ ಗಡ್ಡ ಕೆರೆಯುತ್ತ. "ಹಣೆ ಕುಯ್ದು, ಬಿಚ್ಚಿ, ಹೊಲ್ದು ಕೊಡ್ಬೇಕು. ಕೊಡ್ತಾರೋ ಇಲ್ವೋ. ನಂಗೂ ಇದು ಹೊಸದು ಕಣವ್ವ. ಕಟ್ಕೊಂಡೋನು ಕುಂತವ್ನೆ, ಅವನ್ನೇ ಕೇಳನ."

ಎಲ್ಲರೂ ಗಂಡ ನಾಗಯ್ಯನ ಕಡೆ ತಿರುಗಿದರು. ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ವಾಚ್‌ಮನ್ ಅವನು. ಅಂಗಡಿಯಿಂದ ಯಾವ ಸೋಪು ತರಬೇಕು ಅನ್ನುವುದನ್ನೂ ಹೆಂಡತಿಯನ್ನು ಕೇಳಿಯೇ ತರುತ್ತಿದ್ದ ಗಂಡಸು. ಈಗಲೂ ಅವನು ಅಭ್ಯಾಸಬಲದಿಂದ ಪುಟ್ಟಮಾದಮ್ಮನ ಮುಖ ನೋಡಿದ. ಏನೇ, ಏನು ಹೇಳಲಿ?

*

ಕೆಲವು ವರ್ಷಗಳ ಹಿಂದೆ, ಅವನ ಟಿವಿಎಸ್ ಗಾಡಿಯ ಹಿಂದೆ ಕೂತು ನಂಜನಗೂಡಿನಿಂದ ಬರುವಾಗ ರಸ್ತೆಯ ಒಂದು ಹಂಪು ಅವಳನ್ನು ಎತ್ತಿ ಒಗೆದಿತ್ತು. ತಲೆಯೊಳಗೆ ಬಾವು ಬಂದಿದೆ ಎಂದು ಮೈಸೂರಿನ ಡಾಕ್ಟರು ಎಡಗಡೆಯ ಬುರುಡೆಯ ತುಂಡನ್ನೇ ತೆಗೆದರು. ಆ ತುಂಡನ್ನು ಎಲ್ಲಿಟ್ಟರು ಅಂದರೆ, ಅವಳದೇ ಹೊಟ್ಟೆಯ ಚರ್ಮದ ಒಳಗೆ. ಕೆಡದೆ ಇರಲಿ, ಆಮೇಲೆ ವಾಪಸ್ ಕೂರಿಸೋಣ ಅಂತ. ಇದನ್ನು ಊರಲ್ಲಿ ಹೇಳಿದರೆ ಯಾರೂ ನಂಬಲಿಲ್ಲ. "ತಲೆ ಹೊಟ್ಟೇಲಿದ್ರೆ ಉಣ್ಣಾದು ಎಲ್ಲಿಂದ್ಲಾ?" ಎಂದು ಕೇಳಿದವರೂ ಇದ್ದರು.

ಹಣೆಯ ಎಡಗಡೆ ಒಳಕ್ಕೆ ಕುಸಿದುಹೋಯಿತು. ಕೆಮ್ಮಿದರೆ ಅಲ್ಲಿ ಚರ್ಮ ಉಬ್ಬುತ್ತಿತ್ತು. ಸೆರಗನ್ನು ಹುಬ್ಬಿನ ತನಕ ಎಳೆದುಕೊಂಡೇ ಪುಟ್ಟಮಾದಮ್ಮ ಮನೆಯಲ್ಲೂ ಓಡಾಡಿದಳು. ಶಾಲೆಯಲ್ಲಿ ಅವಳ ಕೈಯಿಂದ ಅನ್ನ ಇಸಿದುಕೊಳ್ಳಲು ಚಿಕ್ಕ ಮಕ್ಕಳು ಹೆದರಿದವು. ಹೆಡ್ಮೇಷ್ಟ್ರು ಒಳ್ಳೆಯ ಮಾತಿನಲ್ಲೇ, ಸ್ವಲ್ಪ ದಿನ ರೆಸ್ಟ್ ತಗೊಳ್ಳಮ್ಮ ಅಂದರು. ಅವಳು ರೆಸ್ಟ್ ತಗೊಂಡಳು. ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟಳು.

"ಬೊಟ್ಟು ಎಲ್ಲಿಡ್ಲಿ ಹೇಳಿ" ಎಂದು ಒಂದು ಬೆಳಿಗ್ಗೆ ಗಂಡನನ್ನು ಕೇಳಿದಳು. "ನಡು ಎಲ್ಲದೆ ಅಂತ್ಲೇ ಗೊತ್ತಾಯ್ತಿಲ್ಲ."

ನಾಗಯ್ಯ ತನ್ನ ಬೆರಳನ್ನೇ ಕುಂಕುಮದಲ್ಲಿ ಅದ್ದಿ ಇಡಲು ಹೋದ. ಬೊಟ್ಟು ಹುಬ್ಬಿನ ಮೇಲೆ ಹೋಗಿ ಕೂತಿತು. ಅವಳು ನಕ್ಕಳು, ಆಮೇಲೆ ಇಬ್ಬರೂ ಕೂತು ಅತ್ತರು.

ಹೊಟ್ಟೆಯಲ್ಲಿಟ್ಟ ಮೂಳೆ ಕೀವಾಗಿ ಕೆಟ್ಟಿತು. ಇನ್ನು ಅದು ಬಾರದು, ಲೋಹದಲ್ಲಿ ಮಾಡಿಸಬೇಕು ಎಂದು ಡಾಕ್ಟರು ಹೇಳಿದರು.

*

"ಅದು ಕಬ್ಬಿಣ ಅಲ್ಲ ಅಜ್ಜಿ, ಟೈಟೇನಿಯಂ!" ಕವನ ಇದನ್ನು ಎಷ್ಟನೆಯ ಸಲ ಹೇಳುತ್ತಿದ್ದಳೋ. "ಬೇರೆ ಲೋಹ. ತುಕ್ಕೇ ಹಿಡಿಯಲ್ಲ."

"ಹೆಸರು ಯಾವುದಾರ ಆಗ್ಲಿ, ಗಟ್ಟಿಯಾಗದೆ, ತಣ್ಣಗದೆ. ಕಬ್ಬುಣ ಅಲ್ದೆ ಇನ್ನೇನು?"

"ಇವೆಲ್ಲ ಮೂಢನಂಬಿಕೆ ಕಣಜ್ಜಿ" ಎಂದ ಅಮೃತೇಶ್, ನಾಗಯ್ಯನ ಅಣ್ಣನ ಮಗ. ಮೈಕ್‌ಸೆಟ್ಟು ಬಾಡಿಗೆಗೆ ಕೊಡುವವನು, ಬೀದಿಯ ಬೌದ್ಧ ಸಂಘದ ಕಾರ್ಯದರ್ಶಿ. "ನಾವು ತ್ರಿಸರಣ ಹೇಳಿ ಮಣ್ಣು ಮಾಡೋರು. ಬರೋರು ಇಲ್ಲ, ಹೋಗೋರು ಇಲ್ಲ."

"ನಿಂಗೆ ಅವ್ವ ಅವ್ಳೆ, ಮನೇಲಿ ಕುಂತವ್ಳೆ, ಅದ್ಕೇ ಅಂತೀಯೆ" ಎಂದಳು ರಾಚಮ್ಮ.

ಮೈಸೂರಿನ ಡಾಕ್ಟರಿಗೆ ಫೋನ್ ಮಾಡಿದರೆ ಸ್ವಿಚ್ಡ್ ಆಫ್. ಯಾರೋ ಹೇಳಿದರು, ಸುಟ್ಟರೆ ಲೋಹ ತಾನೇ ಉಳಿಯುತ್ತೆ, ಸುಟ್ಟುಬಿಡಿ ಅಂತ. ನಮ್ಮಲ್ಲಿ ಸುಡೋದುಂಟೇನಯ್ಯ ಎಂದು ಇನ್ನೊಬ್ಬರು ಅವರ ಮೇಲೆ ಹರಿಹಾಯ್ದರು. ಬುರುಡೆಯ ಹಳೇ ಮೂಳೆ ಇನ್ನೂ ಹೊಟ್ಟೆಯಲ್ಲೇ ಇದೆಯಾ ಎಂದು ಮತ್ತೊಬ್ಬರಿಗೆ ಅನುಮಾನ. ತಮಟೆಯವರು ಬಡಿಯಬೇಕೋ ಬೇಡವೋ ತಿಳಿಯದೆ ಬೀಡಿ ಹಚ್ಚಿದರು. ಸಾವಿನ ಮನೆಯಲ್ಲಿ ಬುದ್ಧಿ ಹೇಳುವವರಿಗೆ ಯಾವತ್ತು ಬರ?

ನಾಗಯ್ಯ ಹೆಂಡತಿಯ ಹಣೆಯನ್ನೇ ನೋಡುತ್ತಿದ್ದ. ಚಿಕ್ಕತ್ತೆ ಹೇಳುವುದು ನಿಜವಾದರೆ? ಪುಟ್ಟಮಾದಮ್ಮ ಬದುಕಿನುದ್ದಕ್ಕೂ ಒಂದೇ ಒಂದು ವಿಷಯಕ್ಕೆ ಹಲುಬಿದವಳು, ಅವ್ವನ ಮುಖ ನೋಡಲಿಲ್ಲವಲ್ಲ ಅಂತ. ಒಂದು ಫೋಟೋ ಕೂಡ ಇರಲಿಲ್ಲ. ಈಗ ಆ ಅವ್ವ ಬಂದು ದೂರ ನಿಂತು, ಇವಳು ಇಲ್ಲಿಂದ ನೋಡುತ್ತ ಇರುವ ಹಾಗಾದರೆ? ಆದರೆ ಹಣೆ ಕೊಯ್ಯಿಸುವುದೇ? ಮತ್ತೆ ಆ ಗುಂಡಿ ಬಿದ್ದ ಮುಖದಲ್ಲಿ ಅವಳನ್ನು ಕಳಿಸುವುದೇ? ಇದೂ ಬೇಡ, ಅದೂ ಬೇಡ. ಯಾರಾದರೂ ಹೇಳಿಬಿಡಬಾರದೇ, ಹೀಗೆ ಮಾಡು ಅಂತ.

"ಅಯಸ್ಕಾಂತ!" ಎಂದು ಅಮೃತೇಶ್ ಇದ್ದಕ್ಕಿದ್ದಂತೆ ಕೂಗಿದ. "ಕಬ್ಬಿಣ ಆದ್ರೆ ಅಂಟ್ಕತದೆ, ಅಲ್ದಿದ್ರೆ ಇಲ್ಲ. ಒಪ್ಕತೀಯಾ ಅಜ್ಜಿ?"

ರಾಚಮ್ಮ ಕಣ್ಣೊರೆಸಿಕೊಂಡಳು. "ಊಂ. ಅಂಟ್ಕಂಡ್ರೆ ಮೈಸೂರಿಗೆ ಎತ್ಬೇಕು. ಮಾತು ತಪ್ಪಂಗಿಲ್ಲ."

"ಏನಪ್ಪ ನಾಗ?" ಎಂದ ಶಿವಮೂರ್ತಿ.

ನಾಗಯ್ಯ ತಲೆ ಆಡಿಸಿದ. ಹೌದು ಅಂತಲೋ ಅಲ್ಲ ಅಂತಲೋ ಅವನಿಗೇ ಗೊತ್ತಿರಲಿಲ್ಲ. ಎಲ್ಲರೂ ಹೌದು ಅಂತ ತೆಗೆದುಕೊಂಡರು.

ಅಮೃತೇಶ್ ಓಡಿಹೋಗಿ, ಕೆಟ್ಟ ಸ್ಪೀಕರಿನಿಂದ ಕಿತ್ತ ಕಪ್ಪು ಬಿಲ್ಲೆಯಂಥ ಅಯಸ್ಕಾಂತ ತಂದ. ಜನ ಒತ್ತರಿಸಿ ನಿಂತರು. ಅವನು ಬಗ್ಗಿ ಅದನ್ನು ಮೆಲ್ಲಗೆ ಹಣೆಯ ಹತ್ತಿರ ತಂದ. ಇನ್ನೂ ತಾಗಿಸಿರಲಿಲ್ಲ.

ಟಕ್!

"ಅಂಟ್ಕತು!"

"ಅಯ್ಯೋ ನಮ್ಮವ್ವ!" ರಾಚಮ್ಮ ಎದೆ ಬಡಿದುಕೊಂಡಳು. "ಕಬ್ಬುಣವೇ ಕಣ್ರೋ, ನಾ ಬಡ್ಕೊತಿದ್ನಲ್ಲ!"

"ಆಯ್ತಲ್ಲ ಇನ್ನೇನು" ಎಂದ ಶಿವಮೂರ್ತಿ. "ಯಾರಾರ ಆಂಬುಲೆನ್ಸಿಗೆ ಫೋನ್ ಮಾಡ್ರಪ್ಪ."

ನಾಗಯ್ಯ ನೆಲದಲ್ಲೇ ಕೂತುಬಿಟ್ಟ. ಅಮೃತೇಶ್ ಬೆಪ್ಪಾಗಿ, ಕೈಯಲ್ಲಿ ಅಯಸ್ಕಾಂತ ಹಿಡಿದು ನಿಂತೇ ಇದ್ದ.

"ಅಣ್ಣ" ಎಂದಳು ಕವನ. "ಅದನ್ನ ತಿರುಗ್ಸು."

ತಿರುಗಿಸಿದ. ಅಯಸ್ಕಾಂತದ ಕೆಳಗಡೆ, ಅರಿಶಿನ ಮೆತ್ತಿದ ಒಂದು ರೂಪಾಯಿ ಅಂಟಿಕೊಂಡಿತ್ತು.

ಯಾರೋ ಹೆಂಗಸಿಗೆ ಕಿಸಕ್ಕನೆ ನಗು ಬಂದು, ಅದನ್ನು ಕೆಮ್ಮು ಮಾಡಲು ಹೋಗಿ ಅದು ಅಳುವಾಯಿತು.

"ನೀವು ಇಟ್ಟ ಕಾಸೇ ಕಬ್ಬಿಣ, ಯಜಮಾನ್ರೇ!" ಎಂದ ಅಮೃತೇಶ್.

"ಅದು ಸರ್ಕಾರದೋರು ಮಾಡಿದ್ದು ಕಣಯ್ಯ, ನಾನೇನು ಮನೇಲಿ ಕುಟ್ಟಿ ತಂದ್ನಾ?" ಶಿವಮೂರ್ತಿಗೆ ಅವಮಾನವಾಗಿತ್ತು. "ನಮ್ಮಪ್ಪನ ಕಾಲದಲ್ಲಿ ತಾಮ್ರದ ಕಾಸಿತ್ತು."

"ಅಂಗಾರೆ ಇಷ್ಟು ವರ್ಷ ನಾವು ಕಳ್ಸಿದ ಹೆಣಗೊಳ್ಗೆಲ್ಲ..." ಎಂದು ತಮಟೆಯವನೊಬ್ಬ ಶುರು ಮಾಡಿದ. ಉಳಿದವರು ಕಣ್ಣು ಬಿಟ್ಟು ನೋಡಿದ ಮೇಲೆ ಸುಮ್ಮನಾದ. ಆದರೆ ಆ ಲೆಕ್ಕ ಎಲ್ಲರ ತಲೆಯಲ್ಲೂ ಓಡಿತು. ಶಿವಮೂರ್ತಿ ಹೋದ ವರ್ಷ ತನ್ನ ತಾಯಿಯ ಹಣೆಗೂ ಇಂಥದ್ದೇ ಒಂದನ್ನು ಒತ್ತಿದ್ದ.

ರಾಚಮ್ಮ ಅಯಸ್ಕಾಂತವನ್ನು ಕಿತ್ತುಕೊಂಡಳು. ಮೊದಲು ತನ್ನ ಸೆರಗಿನ ಪಿನ್ನಿಗೆ ಹಿಡಿದಳು, ಅದು ಹಿಡಿಯಿತು. ಶಾಮಿಯಾನದ ಕಂಬಕ್ಕೆ ಹಿಡಿದಳು, ಅಲ್ಲೂ ಹಿಡಿಯಿತು. ಆಮೇಲೆ ಮಂಡಿಯೂರಿ ಕೂತು, ಸಾಕಿದ ಮಗಳ ಎಡಹಣೆಯ ಮೇಲೆ ಅದನ್ನು ಇಟ್ಟಳು. ಅಯಸ್ಕಾಂತ ಸುಮ್ಮನೆ ಜಾರಿ ದಿಂಬಿನ ಮೇಲೆ ಬಿತ್ತು. ಮತ್ತೆ ಇಟ್ಟಳು. ಮತ್ತೆ ಜಾರಿತು.

"ನೋಡಿದ್ಯಾ ಅಜ್ಜಿ?" ಎಂದಳು ಕವನ.

ರಾಚಮ್ಮನಿಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಅವಳು ಆ ಹಣೆಯನ್ನು ಬೆರಳಿನಿಂದ ಸವರುತ್ತ ಕೂತಳು, ಬಲಕ್ಕೊಮ್ಮೆ, ಎಡಕ್ಕೊಮ್ಮೆ.

"ಕಬ್ಬುಣ ಅಲ್ಲ, ಸರಿ. ಮೂಳೆನೂ ಅಲ್ವಲ್ಲ. ಇದೇನು ಇದು? ಯಾರ್ದು?" ಅವಳ ದನಿಯಲ್ಲಿ ಈಗ ಜಗಳ ಇರಲಿಲ್ಲ. "ನಮ್ಮಕ್ಕ ಇವಳ ನೋಡಿದ್ದು ಮೂರು ದಿನದ ಕೂಸಲ್ಲಿ. ಈಗ ಮುದುಕಿಯಾಗವ್ಳೆ. ಗುರ್ತು ಇಡಿಯಕ್ಕೆ ಇದ್ದದ್ದೇ ಹಣೆ ಒಂದು. ನಮ್ಮಕ್ಕನ ಹಣೆ ಇದು, ಅಗಲವಾಗಿ, ನಡುವೆ ವಸಿ ಉಬ್ಬಿ. ಅದ್ರಲ್ಲಿ ಅರ್ಧ ಯಾರ್ದೋ ಆದ್ರೆ ಅವಳಿಗೆ ಎಂಗೆ ಗೊತ್ತಾದದು? ಬಂದು, ನೋಡಿ, ನನ್ ಮಗಳಲ್ಲ ಅಂತ ಒಂಟೋದ್ರೆ?"

ಇದಕ್ಕೆ ಅಯಸ್ಕಾಂತದಲ್ಲಿ ಉತ್ತರ ಇರಲಿಲ್ಲ.

*

ಮೈಸೂರಿನ ಆಸ್ಪತ್ರೆಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿಯ ಹೆಸರು ರೋಜಾ. ಡಾಕ್ಟರಲ್ಲ, ಇಂಜಿನಿಯರು. ಅವಳು ಪುಟ್ಟಮಾದಮ್ಮನ ಕೈಗೆ ಒಂದು ಬಿಳೀ ಪ್ಲಾಸ್ಟಿಕ್ಕಿನ ಬುರುಡೆ ಕೊಟ್ಟಳು. ನಾಗಯ್ಯ ಕುರ್ಚಿ ಸಮೇತ ಹಿಂದಕ್ಕೆ ಸರಿದ.

"ಇದು ನಿಮ್ದೇ ತಲೆ ಅಮ್ಮ. ಸ್ಕ್ಯಾನಿಂಗ್ ನೋಡ್ಕೊಂಡು ಮಷೀನು ಮಾಡಿರೋದು."

ಪುಟ್ಟಮಾದಮ್ಮ ಅದನ್ನು ತೆಂಗಿನಕಾಯಿ ನೋಡುವ ಹಾಗೆ ತಿರುಗಿಸಿ ಮುರುಗಿಸಿ ನೋಡಿದಳು. ಎಡಗಡೆ ದೊಡ್ಡ ತೂತಿತ್ತು. ಅದರಲ್ಲಿ ಬೆರಳಿಟ್ಟಳು. "ಅಯ್ಯಯ್ಯೋ, ಇಷ್ಟು ದೊಡ್ದಾ? ಇದ್ಕೇ ಮಕ್ಕಳು ಹೆದ್ರದು. ನಾನೇ ಆಗಿದ್ರೂ ಹೆದ್ರತಿದ್ದೆ."

"ಮುಚ್ಚೋಣ ಬಿಡಿ" ಎಂದು ರೋಜಾ ನಕ್ಕಳು.

"ಎಂಗೆ ಮುಚ್ತೀಯವ್ವ? ಬೇರೆ ಯಾರ್ದೋ ನೋಡ್ಕೊಂಡಾ?"

"ಇಲ್ಲಮ್ಮ. ನಿಮ್ಮ ಬಲಗಡೆ ಹಣೆ ಚೆನ್ನಾಗಿದ್ಯಲ್ಲ, ಅದನ್ನೇ ಕನ್ನಡೀಲಿ ಹಿಡಿದ ಹಾಗೆ ತಿರುಗಿಸಿ ಎಡಕ್ಕೆ ತರ್ತೀವಿ. ನೋಡಿ." ಪರದೆಯ ಮೇಲೆ ಅರ್ಧ ಬುರುಡೆ ಮಗುಚಿಕೊಂಡು ಬಂದು ಇನ್ನರ್ಧದ ತೂತಿನ ಮೇಲೆ ಕೂತಿತು. ಅಂಚಿಗೆ ಅಂಚು ಸೇರಿತು.

ಪುಟ್ಟಮಾದಮ್ಮ ಪರದೆಯ ಹತ್ತಿರಕ್ಕೆ ಬಗ್ಗಿ ನೋಡಿದಳು. ಆಮೇಲೆ ರೋಜಾಳ ಮೊಣಕೈ ಹಿಡಿದುಕೊಂಡಳು.

"ನಮ್ಮವ್ವನ್ನ ನಾ ಕಂಡಿಲ್ಲ ಮಗ. ನಿನ್ನ ಹಣೆ ಅವ್ವಂದೇ ಅಂತ ನಮ್ಮ ಚಿಕ್ಕವ್ವ ಹೇಳಾಳು. ಅವ್ವಂದು ಅಂತ ನನ್ ತವು ಇದ್ದದ್ದು ಅದೊಂದೇ. ಬೀಳೋಗಂಟ ದಿನಾ ಬೆಳಿಗ್ಗೆ ಬೊಟ್ಟಿಡೋವಾಗ ಕನ್ನಡೀಲಿ ನೋಡ್ಕಂಡು, ಏನವ್ವಾ ಚೆನ್ನಾಗಿದ್ದೀಯಾ ಅಂತಿದ್ದೆ. ಅದೇ ತರ ಮಾಡವ್ವ. ಒಂಚೂರೂ ಬದಲಾಗದು ಬ್ಯಾಡ."

ನಾಗಯ್ಯನಿಗೆ ಆ ಮಾತು ಅಲ್ಲಿಯ ತನಕ ಗೊತ್ತಿರಲಿಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ, ಹೆಂಡತಿ ಕನ್ನಡಿಯ ಮುಂದೆ ಮಾತಾಡಿಸುತ್ತಿದ್ದುದು ಯಾರನ್ನು ಅಂತ ಅವನು ಕೇಳಿರಲಿಲ್ಲ.

ಆಪರೇಷನ್ ಆಗಿ ಬ್ಯಾಂಡೇಜು ಬಿಚ್ಚಿದ ದಿನ ಪುಟ್ಟಮಾದಮ್ಮ ಮೊದಲು ಕೇಳಿದ್ದೇ ಕನ್ನಡಿ. ಬೋಳುತಲೆ, ಹೊಲಿಗೆಯ ಸಾಲು, ಊದಿದ ಕಣ್ಣು. ಅದರ ನಡುವೆ ಅಗಲವಾಗಿ, ದುಂಡಗೆ, ಎರಡೂ ಕಡೆ ಸಮವಾಗಿ ಹಣೆ ಎದ್ದು ನಿಂತಿತ್ತು. "ಬಂದಳು ನೋಡಿ" ಅಂದಳು.

*

"ಅತ್ತೆ" ಎಂದ ನಾಗಯ್ಯ.

ಅವನು ಬಾಯಿ ಬಿಡುತ್ತಾನೆಂದು ಯಾರೂ ಎಣಿಸಿರಲಿಲ್ಲವಾದ್ದರಿಂದ, ಯಾರು ಮಾತಾಡಿದ್ದು ಎಂದು ಜನ ಹಿಂದೆ ಮುಂದೆ ನೋಡಿದರು.

"ಬೇರೆ ಯಾರ್ದೂ ಅಲ್ಲ ಅದು. ಬಲಗಡೇದ ನೋಡ್ಕೊಂಡು, ತಿರುಗ್ಸಿ, ಎಡಕ್ಕೆ ಇಟ್ಟವ್ರೆ. ನನ್ನ ಕಣ್ಮುಂದೆ ಮಾಡಿದ್ರು, ನಾನೇ ಕಂಡಿವ್ನಿ. ಆ ಕಡೇದು ನಿಮ್ಮಕ್ಕನ ಹಣೆ ಆದ್ರೆ, ಈ ಕಡೇದೂ ನಿಮ್ಮಕ್ಕಂದೇ. ಅವಳೇ ಕೇಳಿ ಅಂಗೆ ಮಾಡ್ಸ್ಕಂಡ್ಳು."

"ಅವಳೇ ಕೇಳಿದ್ಳಾ?"

"ಒಂಚೂರೂ ಬದಲಾಗದು ಬ್ಯಾಡ ಅಂದ್ಳು." ಅವನು ಅವಳ ಹಣೆಯ ಕಡೆ ಕೈ ತೋರಿಸಿದ. "ಅದ್ಕೇ ಬಿಚ್ಚದು ಬ್ಯಾಡ. ಬಿಚ್ಚಿದ್ರೇ ಗುರ್ತು ಸಿಗಾಕಿಲ್ಲ."

ರಾಚಮ್ಮ ಅವನನ್ನೇ ನೋಡಿದಳು. ಅಳಿಯ ಅನ್ನಿಸಿಕೊಂಡ ಮೇಲೆ ಇವನು ಎದುರು ನಿಂತು ಇಷ್ಟು ಉದ್ದ ಮಾತಾಡಿದ್ದು ಇದೇ ಮೊದಲು. ಅವಳು ಕವರಿನಿಂದ ಸೀರೆ ತೆಗೆದಳು. ಹಸಿರು ಸೀರೆ. ಮಡಿಕೆ ಬಿಚ್ಚಿ, ಕೊರಳ ತನಕ ಹೊದಿಸಿ, ಹಣೆಯ ಮೇಲಿನ ಕೂದಲನ್ನು ಹಿಂದಕ್ಕೆ ತೀಡಿದಳು. ಯಾರೂ ಹಣೆಗೆ ಮತ್ತೆ ಕಾಸು ಇಡಲಿಲ್ಲ. ಶಿವಮೂರ್ತಿ ಜೇಬಿಗೆ ಕೈ ಹಾಕಿದ್ದನ್ನು ಹಾಗೇ ಹೊರಕ್ಕೆ ತೆಗೆದ.

ಮಸಣ ನಾಲೆ ಏರಿಯ ಪಕ್ಕದಲ್ಲಿತ್ತು. ಅಮೃತೇಶ್ ಬುದ್ಧಂ ಸರಣಂ ಹೇಳಿದ, ತಮಟೆಯವರು ತಮ್ಮ ಪಾಡಿಗೆ ಬಡಿದರು, ಯಾವುದು ಮೊದಲು ಯಾವುದು ಆಮೇಲೆ ಎಂದು ಯಾರೂ ವಿಚಾರಿಸಲಿಲ್ಲ. ದಕ್ಷಿಣಕ್ಕೆ ತಲೆ ಮಾಡಿ ಪುಟ್ಟಮಾದಮ್ಮನನ್ನು ಗುಂಡಿಗೆ ಇಳಿಸಿದರು.

ರಾಚಮ್ಮ ಅಂಚಿನಲ್ಲಿ ನಿಂತು ಗಾಳಿಗೆ ಹೇಳಿದಳು: "ಅಕ್ಕಾ, ಬಂದವ್ಳೆ ಕಣೆ ನಿನ್ ಮಗಳು. ಹಣೆ ನೋಡ್ಕೋ. ಕರ್ಕೋ."

ಕಬ್ಬಿನ ಗದ್ದೆಯ ಕಡೆಯಿಂದ ಟ್ರ್ಯಾಕ್ಟರಿನ ಸದ್ದು ಬರುತ್ತಿತ್ತು. ರಾಚಮ್ಮ ಸುತ್ತಲೂ ನೋಡಿ, ಅಳಿಯನ ಕಡೆ ಬಾಗಿ, ಮೆಲ್ಲಗೆ ಕೇಳಿದಳು. "ಬತ್ತಳಾ?"

"ನಂಗೇನು ಗೊತ್ತು ಅತ್ತೆ" ಎಂದ ನಾಗಯ್ಯ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬರಬಹುದು. ಬಾರದೆಯೂ ಇರಬಹುದು. ಬರುವ ತನಕ ಈ ಮಣ್ಣಿನಲ್ಲಿ ಇವಳೊಬ್ಬಳೇ ಕಾಯಬೇಕು.

ಜನ ಮಣ್ಣು ಹಿಡಿದುಕೊಂಡರು. ಮೊದಲ ಹಿಡಿ ಗಂಡನದು ಎಂದು ಕಾದರು. ನಾಗಯ್ಯ ಮಣ್ಣು ತೆಗೆದುಕೊಳ್ಳಲಿಲ್ಲ. ಗುಂಡಿ ತೋಡಿದವರ ಕಡೆ ತಿರುಗಿ, "ಈ ಎಡಗಡೆ ಜಾಗ ಯಾರ್ದು?" ಎಂದು ಕೇಳಿದ.

"ಯಾರ್ದೂ ಅಲ್ಲ ಕಣಣ್ಣ. ಬರೀ ಗರಿಕೆ."

ಅವನು ಹೆಗಲ ಟವೆಲ್ಲು ತೆಗೆದು ಗರಿಕೆಯ ಮೇಲೆ ಹಾಸಿದ. ಗುಂಡಿಯ ಉದ್ದಕ್ಕೆ, ದಕ್ಷಿಣಕ್ಕೆ ತಲೆ ಮಾಡಿ, ಅಂಗಾತ ಮಲಗಿದ.

"ಅಪ್ಪಾ!" ಎಂದಳು ಕವನ.

"ಏಯ್ ನಾಗ, ಇದೇನ್ಲಾ, ಏಳ್ಲಾ ಮೇಲೆ" ಎಂದ ಶಿವಮೂರ್ತಿ.

ನಾಗಯ್ಯ ಏಳಲಿಲ್ಲ. ಬಲಗೈ ಚಾಚಿ, ಗುಂಡಿಯ ಅಂಚು ಎಷ್ಟು ದೂರ ಇದೆ ಎಂದು ಮುಟ್ಟಿ ನೋಡಿದ. ಕೈ ಎಟುಕಿತು. ಆದರೂ ಮೈಯನ್ನು ಇನ್ನೊಂದು ಗೇಣು ಆ ಕಡೆಗೆ ಸರಿಸಿಕೊಂಡ. ಸುತ್ತ ನಿಂತವರು ಮುಷ್ಟಿಯಲ್ಲಿ ಮಣ್ಣು ಬಿಗಿದುಕೊಂಡು, ಹಾಕಬೇಕೋ ಬೇಡವೋ ತಿಳಿಯದೆ, ಇಬ್ಬರನ್ನೂ ನೋಡುತ್ತಿದ್ದರು.